ದೋರಸಮುದ್ರ: ಕೆರೆಯ ದಂಡೆಯ ಊರೊಂದರ ಸಾವಿರ ವರ್ಷ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ, ಬೇಲೂರು ಪಟ್ಟಣದಿಂದ ಪೂರ್ವಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿರುವ ಹಳೇಬೀಡು ಆಡಳಿತದ ಲೆಕ್ಕದಲ್ಲಿ ಇಂದು ಒಂದು ಹೋಬಳಿ ಕೇಂದ್ರ, ಎಂದರೆ ಕಂದಾಯದ ದೃಷ್ಟಿಯಿಂದ ಹಲವು ಗ್ರಾಮಗಳನ್ನು ಒಟ್ಟುಗೂಡಿಸಿದ, ತಾಲ್ಲೂಕಿಗಿಂತ ಕೆಳಗಿನ ಘಟಕವೊಂದರ ಮುಖ್ಯ ಊರು. ರಾಗಿ, ತೆಂಗು, ಆಲೂಗೆಡ್ಡೆ ಬೆಳೆಯುವ ಹೊಲಗಳ ನಡುವೆ ಹರಡಿಕೊಂಡಿರುವ ಈ ಊರಿನ ಮಗ್ಗುಲಲ್ಲಿ ದೊಡ್ಡ ಕೆರೆಯೊಂದಿದೆ; ಆ ಕೆರೆಯ ಹೆಸರೇ ಒಂದು ಕಾಲದಲ್ಲಿ ಊರಿನ ಹೆಸರೂ ಆಗಿತ್ತು, ದಕ್ಷಿಣ ಭಾರತದ ಬಹುಭಾಗಕ್ಕೆ ಗೊತ್ತಿದ್ದ ರಾಜಧಾನಿಯ ಹೆಸರೂ ಆಗಿತ್ತು. ಹೊಯ್ಸಳರ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಇಲ್ಲಿಯ ದೇವಾಲಯಗಳಿಂದ ಆರಂಭಿಸಿ ದೇವಾಲಯಗಳಲ್ಲೇ ಮುಗಿಸಿದ್ದಾರೆ. ಆದರೆ ಈ ಊರನ್ನು ಅರ್ಥಮಾಡಿಕೊಳ್ಳಬೇಕಾದರೆ ಕೆರೆಯಿಂದಲೇ ತೊಡಗಬೇಕು, ಏಕೆಂದರೆ ಅರಮನೆ ಬರುವ ಮೊದಲೇ ಕೆರೆಯಿತ್ತು, ಅರಮನೆ ಹೋದ ಮೇಲೂ ಜನರನ್ನು ಇಲ್ಲಿ ಉಳಿಸಿದ್ದು ಅದೇ ಕೆರೆ.

ದೋರಸಮುದ್ರ ಎಂಬ ಹೆಸರಿನಲ್ಲಿರುವ ‘ಸಮುದ್ರ’ ಎಂಬುದು ದೊಡ್ಡ ಕೆರೆಗೆ ಶಾಸನಗಳು ಬಳಸುವ ಮಾತು. ಬೇಲೂರಿನ ವಿಷ್ಣುಸಮುದ್ರವೂ ಇದೇ ಬಗೆಯದು. ಹೆಸರಿನ ಮೊದಲ ಭಾಗ ‘ದೋರ’ ಎಂಬ ವ್ಯಕ್ತಿಯನ್ನು, ಬಹುಶಃ ರಾಷ್ಟ್ರಕೂಟರ ಕಾಲದ ಅಧಿಪತಿಯೊಬ್ಬನನ್ನು ನೆನಪಿಸುತ್ತದೆ ಎಂದು ವಿದ್ವಾಂಸರು ಊಹಿಸಿದ್ದಾರೆ. ದ್ವಾರಸಮುದ್ರ, ದ್ವಾರಾವತಿ ಎಂಬ ರೂಪಗಳು ಅದಕ್ಕೆ ಸಂಸ್ಕೃತದ ಘನತೆಯನ್ನೂ ಯಾದವ ಕುಲದ ಪುರಾಣ ಸಂಬಂಧವನ್ನೂ ತಂದುಕೊಟ್ಟವು. ಹೊಯ್ಸಳರು ಇಲ್ಲಿಗೆ ಬರುವ ಹೊತ್ತಿಗೆ ಕೆರೆ ಹಳತಾಗಿತ್ತು ಎಂಬ ವಿಷಯದಲ್ಲಿ ಮಾತ್ರ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಇಂಥ ಸ್ಥಳವನ್ನು ಆರಿಸಿಕೊಂಡದ್ದರ ಹಿಂದೆ ಭೂಗೋಳದ ಒತ್ತಾಸೆಯಿದೆ. ಪಶ್ಚಿಮಘಟ್ಟದ ಮಳೆ ಬೇಲೂರಿನವರೆಗೆ ಚೆನ್ನಾಗಿ ಬಂದು ಅಲ್ಲಿಂದ ಪೂರ್ವಕ್ಕೆ ಸರಿದಂತೆಲ್ಲ ತೆಳುವಾಗುತ್ತ ಹೋಗುವುದರಿಂದ ಹಳೇಬೀಡು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ನಿಂತಿದೆ. ಮಲೆನಾಡಿನ ಇಕ್ಕಟ್ಟಾದ ಕಣಿವೆಗಳಲ್ಲಿ ನೀರು ಧಾರಾಳವಾಗಿದ್ದರೂ ದೊಡ್ಡ ಸೈನ್ಯವನ್ನೂ ಕುದುರೆಗಳನ್ನೂ ಸಾಕುವಷ್ಟು ಬಯಲಿರಲಿಲ್ಲ. ಬಯಲಿನಲ್ಲಿ ನೆಲವಿದ್ದರೂ ಕಟ್ಟಿ ನಿಲ್ಲಿಸದೆ ನೀರಿಲ್ಲ. ಕೆರೆಯೊಂದು ಸಿದ್ಧವಾಗಿದ್ದ ಈ ಅಂಚಿನ ನೆಲ ಎರಡೂ ಕೊರತೆಗಳನ್ನು ನೀಗುವಂತಿತ್ತು. ಹೇಮಾವತಿಯ ಉಪನದಿಯಾದ ಯಗಚಿಗೆ ಬೇಲೂರಿನ ಕಡೆ ರಣಘಟ್ಟದಲ್ಲಿ ಒಡ್ಡು ಹಾಕಿ, ಅಲ್ಲಿಂದ ಕಾಲುವೆಯ ಮೂಲಕ ದೋರಸಮುದ್ರಕ್ಕೆ ನೀರು ತಿರುಗಿಸುವ ವ್ಯವಸ್ಥೆ ಹೊಯ್ಸಳರ ಕಾಲದ್ದೆಂದೇ ಈ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಮಳೆ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ನೀರನ್ನು ನಡೆಸಿಕೊಂಡು ಬರುವ ಈ ಯೋಚನೆ ಯಾವ ಶಿಲ್ಪಕ್ಕೂ ಕಡಿಮೆಯಿಲ್ಲದ ಸಾಧನೆ.

ಹೊಯ್ಸಳರ ಮೂಲಸ್ಥಾನ ಸೊಸೆವೂರು, ಎಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಗುಡ್ಡಗಾಡಿನ ಸಣ್ಣ ಒಡೆಯರಾಗಿದ್ದ ಈ ಮನೆತನ 11ನೆಯ ಶತಮಾನದಲ್ಲಿ, ವಿನಯಾದಿತ್ಯನ ದೀರ್ಘ ಆಳ್ವಿಕೆಯಲ್ಲಿ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಬಯಲಿನತ್ತ ಇಳಿಯಿತು. ಅವನ ಕಾಲದಲ್ಲಿ ನಡೆದ ನಿರ್ಮಾಣ ಕಾರ್ಯಗಳನ್ನು ಶ್ರವಣಬೆಳಗೊಳದ ಶಾಸನವೊಂದು ಕವಿಸಹಜವಾದ ಉತ್ಪ್ರೇಕ್ಷೆಯಿಂದ ಬಣ್ಣಿಸುತ್ತದೆ: ಇಟ್ಟಿಗೆಗಾಗಿ ತೋಡಿದ ಹಳ್ಳಗಳು ಕೆರೆಗಳಾದುವೆಂದೂ, ಕಲ್ಲಿಗಾಗಿ ಒಡೆದ ಬೆಟ್ಟಗಳು ನೆಲಸಮವಾದುವೆಂದೂ, ಗಾರೆಯ ಬಂಡಿಗಳು ಸಾಗಿದ ದಾರಿಗಳು ಕೊರಕಲು ಬಿದ್ದುವೆಂದೂ ಅದು ಹೇಳುತ್ತದೆ. ಉತ್ಪ್ರೇಕ್ಷೆಯನ್ನು ಬದಿಗಿಟ್ಟು ನೋಡಿದರೂ, ಕೆರೆಯನ್ನೂ ಬಸದಿಯನ್ನೂ ಒಂದೇ ಉಸಿರಿನಲ್ಲಿ ಕೀರ್ತಿಯ ಕೆಲಸಗಳೆಂದು ಎಣಿಸುತ್ತಿದ್ದ ಕಾಲ ಅದು ಎಂಬುದು ಸ್ಪಷ್ಟವಾಗುತ್ತದೆ. ಮುಂದೆ ಒಂದನೆಯ ಬಲ್ಲಾಳನ ಕಾಲದಲ್ಲಿ, 1104ರ ಸುಮಾರಿಗೆ, ಹುಂಚದ ಸಾಂತರ ವಂಶದ ಜಗದ್ದೇವ ದೋರಸಮುದ್ರದ ಮೇಲೆಯೇ ದಂಡೆತ್ತಿ ಬಂದು, ಬಲ್ಲಾಳ ಮತ್ತು ಅವನ ತಮ್ಮ ಬಿಟ್ಟಿದೇವರ ಎದುರು ಸೋತು ಹಿಂದಿರುಗಬೇಕಾಯಿತು. ಅಷ್ಟರಲ್ಲಾಗಲೇ ಊರು ಶತ್ರುವಿನ ಗುರಿಯಾಗುವಷ್ಟು ಬೆಳೆದಿತ್ತು.

ಆ ತಮ್ಮನೇ 1108ರಲ್ಲಿ ಪಟ್ಟಕ್ಕೆ ಬಂದ ವಿಷ್ಣುವರ್ಧನ. ಚೋಳರಿಂದ ತಲಕಾಡನ್ನು ಗೆದ್ದು, 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಈ ಅರಸನ ಹೆಸರು ದೋರಸಮುದ್ರದ ದೊಡ್ಡ ಶಿವಾಲಯಕ್ಕೂ ಅಂಟಿಕೊಂಡಿದೆಯಾದರೂ, ಅದನ್ನು ಕಟ್ಟಿಸಿದವನು ಅರಸನಲ್ಲ. ಹತ್ತಿರದ ಘಟ್ಟದಹಳ್ಳಿಯಲ್ಲಿ ದೊರೆತ 1121ರ ಶಾಸನದ ಪ್ರಕಾರ ಅರಸನ ಅಧಿಕಾರಿಯಾಗಿದ್ದ ಕೇತಮಲ್ಲ ಎಂಬವನು ತನ್ನ ಒಡೆಯನ ಹೆಸರಿನಲ್ಲಿ ಹೊಯ್ಸಳೇಶ್ವರನನ್ನು ನಿಲ್ಲಿಸಿದನು. ಜೊತೆಗಿರುವ ಎರಡನೆಯ ಗರ್ಭಗುಡಿ ಪಟ್ಟದರಸಿ ಶಾಂತಲೆಯ ಹೆಸರಿನ ಶಾಂತಲೇಶ್ವರನದು. ಹೀಗೆ ಎರಡು ಗರ್ಭಗುಡಿಗಳಿರುವ ದೇವಾಲಯವನ್ನು ದ್ವಿಕೂಟ ಎನ್ನುತ್ತಾರೆ. ಎರಡೂ ಗುಡಿಗಳು ಪೂರ್ವಕ್ಕೆ, ಕೆರೆಯ ಕಡೆಗೆ ಮುಖಮಾಡಿವೆ. ಎರಡರ ಮುಂದೆಯೂ ನಂದಿಮಂಟಪಗಳಿದ್ದು, ದಕ್ಷಿಣದ ನಂದಿಯ ಹಿಂದೆ ಸೂರ್ಯನಿಗೊಂದು ಗುಡಿಯಿದೆ.

ಕಟ್ಟಡದ ಕೆಲಸ ಮುಂದಿನ ತಲೆಮಾರಿನವರೆಗೂ ಸಾಗಿತು. ವಿಷ್ಣುವರ್ಧನನ ಮಗ ಒಂದನೆಯ ನರಸಿಂಹನ ಕಾಲದ ಶಿಲ್ಪಾಚಾರ್ಯ ಕೇದಾರೋಜನ ಹೆಸರು ದಕ್ಷಿಣ ದ್ವಾರದ ಬರಹದಲ್ಲಿ ಉಳಿದಿದೆ. ಮಾಬಲ, ಬಲ್ಲಣ, ಬೋಚಣ, ಕೇತಣ, ಮಾಣಿಬಲಕಿ, ಕಾಳಿದಾಸಿ ಮುಂತಾದವರು ತಾವು ಕಡೆದ ಮೂರ್ತಿಗಳ ಅಡಿಯಲ್ಲೇ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಅವರು ಬಳಸಿದ ಬಳಪದ ಕಲ್ಲು ಗಣಿಯಿಂದ ಹೊರಬಂದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವ ಸ್ವಭಾವದ್ದು. ಆದ್ದರಿಂದಲೇ ಮರಗೆಲಸದವನು ಮರದಲ್ಲಿ ಮಾಡುವಷ್ಟು ಸೂಕ್ಷ್ಮವಾದ ಕೊರೆತ ಕಲ್ಲಿನಲ್ಲಿ ಸಾಧ್ಯವಾಯಿತು. ಗೋಡೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಸಾಗುವ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ ಮಹಾಭಾರತಗಳ ಕಥೆಗಳು, ಮಕರ, ಹಂಸಗಳ ಪಟ್ಟಿಕೆಗಳೂ ಅವುಗಳ ಮೇಲೆ ಸಾಲುಗೊಂಡ ದೇವತಾಮೂರ್ತಿಗಳೂ ಹೊಯ್ಸಳ ಕಲೆಯ ಶಿಖರವೆಂದು ಹೆಸರಾಗಿವೆ. ಆದರೆ ನಿಜವಾದ ಶಿಖರ ಇಲ್ಲಿ ಇಂದು ಇಲ್ಲ. ಎರಡೂ ಗರ್ಭಗುಡಿಗಳ ಮೇಲ್ಭಾಗ ಬರಿದಾಗಿದೆ.

ಅರಸನಲ್ಲದವರು ಕಟ್ಟಿಸಿದ ಗುಡಿಗಳ ಸಂಖ್ಯೆ ಈ ಊರಿನಲ್ಲಿ ದೊಡ್ಡದೆಂಬುದನ್ನು ಒತ್ತಿ ಹೇಳಬೇಕು. ಇಂದು ಬಸದಿಹಳ್ಳಿ ಎನಿಸಿಕೊಂಡಿರುವ ಭಾಗದಲ್ಲಿ ಸಾಲಾಗಿ ನಿಂತಿರುವ ಮೂರು ಜಿನಾಲಯಗಳಲ್ಲಿ ಪಾರ್ಶ್ವನಾಥನದು 1133ರದು. ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪ ಅದನ್ನು ಕಟ್ಟಿಸಿ, ತಂದೆಯ ಬಿರುದಿನಿಂದ ದ್ರೋಹಘರಟ್ಟ ಜಿನಾಲಯ ಎಂದು ಕರೆದನು. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ವಿಷ್ಣುವರ್ಧನನಿಗೆ ಒಯ್ದ ಸಮಯಕ್ಕೆ ಸರಿಯಾಗಿ ಅವನಿಗೆ ಎದುರಾಳಿ ಮಸಣನ ಮೇಲೆ ಗೆಲುವೂ ಪುತ್ರಜನನದ ಸುದ್ದಿಯೂ ಒದಗಿದ್ದವು. ಅದರಿಂದ ಸಂತೋಷಗೊಂಡ ಅರಸ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ತಿಳಿಸುತ್ತದೆ. ವಿಷ್ಣುಭಕ್ತನೆಂದು ಪ್ರಸಿದ್ಧನಾದ ಅರಸ, ಅವನ ಹೆಸರಿನ ಶಿವಾಲಯ, ಅವನ ಸೇನಾನಿಯ ನೆನಪಿನ ಬಸದಿ, ಇವೆಲ್ಲ ಹನ್ನೆರಡು ವರ್ಷಗಳ ಅಂತರದಲ್ಲಿ ಒಂದೇ ಕೆರೆಯ ಬಯಲಿನಲ್ಲಿ ಎದ್ದವು. ಈ ಬಸದಿಯ ನವರಂಗದ ಕಂಬಗಳು ಚರಕಿ ಹಿಡಿದು ತಿರುಗಿಸಿದಂಥವಾಗಿದ್ದು, ಮುಖ ಕಾಣುವಷ್ಟು ನುಣುಪಾಗಿವೆ.

ಊರಿಗೆ ಕಲ್ಲಿನ ಕೋಟೆಯಿತ್ತು. ಅದರ ಗೋಡೆಗಳ ತುಂಡುಗಳು ಹೊಲಗಳ ನಡುವೆ ಇನ್ನೂ ಕಾಣುತ್ತವೆ. ಅರಮನೆಯಿದ್ದ ಜಾಗವೆಂದು ಬೆಣ್ಣೆಗುಡ್ಡದ ಬದಿಯನ್ನು ತೋರಿಸುತ್ತಾರೆ. ಸುತ್ತ ಗುಡ್ಲೇಶ್ವರ, ವೀರಭದ್ರ ಮೊದಲಾದ ಚಿಕ್ಕ ಗುಡಿಗಳು, ಉತ್ಖನನದಲ್ಲಿ ಬುನಾದಿ ತೆರೆದುಕೊಂಡ ನಗರೇಶ್ವರ, ತುಸು ದೂರದಲ್ಲಿ ಪುಷ್ಪಗಿರಿ, ಇನ್ನೊಂದು ಕಡೆ ಹುಲಿಕೆರೆಯ ಮೆಟ್ಟಿಲುಬಾವಿ. ‘ನಗರ’ ಎಂಬುದು ಆಗ ವರ್ತಕರ ಸಂಘದ ಹೆಸರೂ ಆಗಿದ್ದುದರಿಂದ ನಗರೇಶ್ವರ ಎಂಬ ಹೆಸರು ಪೇಟೆಯ ಜನರ ಕೈವಾಡವನ್ನು ಸೂಚಿಸುತ್ತದೆ. ಹುಲಿಕೆರೆಯ ಕೊಳವಂತೂ ನೀರನ್ನು ಗೌರವಿಸುವ ಸಮಾಜ ಮಾತ್ರ ಕಟ್ಟಬಹುದಾದದ್ದು: ಚೌಕಾಕಾರವಾಗಿ ಹಂತಹಂತವಾಗಿ ಇಳಿಯುವ ಮೆಟ್ಟಿಲುಗಳ ಸಾಲಿನಲ್ಲಿ ಸುತ್ತಲೂ ಪುಟ್ಟ ಗೋಪುರಗಳ ಗುಡಿಗಳನ್ನು ಇಟ್ಟಿರುವುದರಿಂದ ನೀರಿಗಿಳಿಯುವವನು ದೇವರ ಸಾಲಿನ ನಡುವೆಯೇ ಇಳಿಯಬೇಕು.

ಕೆರೆಯ ನಿರ್ವಹಣೆಗೂ ಆ ಕಾಲದ ಕನ್ನಡ ನಾಡಿನಲ್ಲಿ ಗಟ್ಟಿಯಾದ ಪದ್ಧತಿಯಿತ್ತು. ಏರಿ ಎಂದರೆ ನೀರನ್ನು ತಡೆದು ನಿಲ್ಲಿಸುವ ದಿಬ್ಬ, ತೂಬು ಎಂದರೆ ಗದ್ದೆಗೆ ನೀರು ಬಿಡುವ ದ್ವಾರ, ಕೋಡಿ ಎಂದರೆ ಹೆಚ್ಚಾದ ನೀರು ಹೊರಹರಿಯುವ ಜಾಗ, ಅಚ್ಚುಕಟ್ಟು ಎಂದರೆ ಆ ನೀರಿನಿಂದ ಸಾಗುವಳಿಯಾಗುವ ನೆಲ. ಕೆರೆಯನ್ನು ಕಟ್ಟಿಸಿದವರಿಗೆ ಅಥವಾ ದುರಸ್ತಿ ಮಾಡಿಸಿದವರಿಗೆ ಕಂದಾಯವಿಲ್ಲದೆ ಬಿಟ್ಟುಕೊಡುತ್ತಿದ್ದ ಭೂಮಿ ಕಟ್ಟುಗೊಡಗೆ. ಕೆರೆಯ ಸಂರಕ್ಷಣೆಗಾಗಿ ಅಚ್ಚುಕಟ್ಟಿನಿಂದ ಎತ್ತಿಡುತ್ತಿದ್ದ ಪಾಲು ಬಿತ್ತುವಟ್ಟ. ಹೂಳೆತ್ತುವುದಕ್ಕೆಂದು ಬಂಡಿ, ಎತ್ತು, ಆಳುಗಳನ್ನು ಇಡಲು ದತ್ತಿ ಬಿಟ್ಟ ಶಾಸನಗಳೂ ನಾಡಿನಲ್ಲಿ ದೊರೆತಿವೆ. ರಾಜಧಾನಿಯ ಊಟದ ತಟ್ಟೆ ನಿಂತಿದ್ದದ್ದು ಈ ವ್ಯವಸ್ಥೆಯ ಮೇಲೆ.

ಎರಡನೆಯ ವೀರಬಲ್ಲಾಳನ ಆಳ್ವಿಕೆ, ಎಂದರೆ 1173ರಿಂದ 1220ರವರೆಗಿನ ಅವಧಿ, ಊರಿನ ಏಳಿಗೆಯ ಉತ್ತುಂಗ. ಚಾಲುಕ್ಯರ ಅಧೀನತೆಯನ್ನು ಕಳಚಿ ಸ್ವತಂತ್ರ ಚಕ್ರವರ್ತಿಯಾದ ಇವನು ತನ್ನ ರಾಣಿ ಅಭಿನವ ಕೇತಲದೇವಿಯೊಡನೆ ಕೇದಾರೇಶ್ವರ ದೇವಾಲಯವನ್ನು ಕಟ್ಟಿಸಿದನು. ಆಸ್ಥಾನ ಕವಿಗಳಿಗೂ ತವರಾಗಿತ್ತು. 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದ ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ದೊರೆತದ್ದು ಈ ಅರಸನಿಂದ, ನೇಮಿಚಂದ್ರ, ರುದ್ರಭಟ್ಟರೂ ಇದೇ ಕಾಲದವರು. ಹಂಪಿಗೆ ಹೋಗಿ ರಗಳೆಗಳನ್ನು ರಚಿಸುವ ಮೊದಲು ಹರಿಹರನು ಇಲ್ಲಿಯ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂಬುದು ಸಂಪ್ರದಾಯದ ಮಾತು. ಜನ್ನನ ತಂಗಿಯ ಕುಟುಂಬವನ್ನು ನೋಡಿದರೆ ಈ ಊರಿನ ವಿದ್ಯೆಯ ಸಾಂದ್ರತೆ ತಿಳಿಯುತ್ತದೆ: ಆಕೆಯ ಪತಿ ಮಲ್ಲಿಕಾರ್ಜುನ ಹಳೆಯ ಕಾವ್ಯಗಳಿಂದ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದವನು, ಮಗ ಕೇಶಿರಾಜ 1260ರ ಸುಮಾರಿಗೆ ‘ಶಬ್ದಮಣಿದರ್ಪಣ’ವನ್ನು ಬರೆದ ವೈಯಾಕರಣ. ಕನ್ನಡ ಭಾಷೆಯ ವ್ಯಾಕರಣಕ್ಕೆ ಇಂದಿಗೂ ಆಧಾರವಾಗಿರುವ ಗ್ರಂಥವನ್ನು ರೂಪಿಸಿದ್ದು ದೋರಸಮುದ್ರದ ಈ ವಿದ್ವತ್ಪರಂಪರೆ ಎಂಬುದನ್ನು ಇಲ್ಲಿಗೆ ಬರುವ ಪ್ರವಾಸಿಗಳಿಗೆ ಯಾರೂ ಹೇಳುವುದಿಲ್ಲ, ಹೇಳಬೇಕು.

ಅದೇ ವೈಭವಕ್ಕೆ ಭೀಕರವಾದ ಇನ್ನೊಂದು ಮುಖವೂ ಇತ್ತು. ಅರಸನ ಜೊತೆಗೇ ಬದುಕಿ ಅವನ ಜೊತೆಗೇ ಸಾಯುತ್ತೇವೆಂದು ಪ್ರತಿಜ್ಞೆ ಮಾಡಿದ ಅಂಗರಕ್ಷಕ ಯೋಧರನ್ನು ಗರುಡರು ಎನ್ನುತ್ತಿದ್ದರು. ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮನೂ ಪತ್ನಿ ಸುಗ್ಗಲದೇವಿಯೂ ಅವರ ಪರಿವಾರದ ಯೋಧರೂ ತಮ್ಮ ಪ್ರಾಣವನ್ನು ಬಿಟ್ಟರು. ಅವರ ನೆನಪಿನ ಕಂಬ ಹೊಯ್ಸಳೇಶ್ವರ ದೇವಾಲಯದ ಬಳಿ ನಿಂತಿದೆ. ಅದರ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಚಿತ್ರಗಳಿವೆ. ಶಾಸನದ ಬರಹ ಪೂರ್ತಿಯಾಗದೆ ನಡುವೆಯೇ ನಿಂತುಹೋಗಿದೆ. ನಿಷ್ಠೆಯನ್ನು ಇಷ್ಟರಮಟ್ಟಿಗೆ ಬೇಡುವ ರಾಜ್ಯದಲ್ಲಿ ಸಮರ್ಥರಾದವರೇ ಹೀಗೆ ಅರಸನ ಹಿಂದೆ ಹೋಗಿಬಿಡುತ್ತಿದ್ದರೆಂಬುದನ್ನು ಶಿಲ್ಪದ ಸೊಬಗಿನಲ್ಲಿ ಮರೆಯುವಂತಿಲ್ಲ.

1254ರಲ್ಲಿ ಸೋಮೇಶ್ವರನ ನಂತರ ರಾಜ್ಯ ಇಬ್ಭಾಗವಾಗಿ ತಮಿಳು ಸೀಮೆ ರಾಮನಾಥನಿಗೂ ದೋರಸಮುದ್ರ ಮೂರನೆಯ ನರಸಿಂಹನಿಗೂ ಹೋಯಿತು. 1276ರಲ್ಲಿ ದೇವಗಿರಿಯ ಸೇವುಣರ ಸೇನಾನಿ ಸಾಳುವ ತಿಕ್ಕಮ ರಾಜಧಾನಿಯ ಹತ್ತಿರದವರೆಗೂ ಬಂದು, ಉತ್ತರಕ್ಕಿರುವ ಬೆಳವಾಡಿಯ ಕಾಳಗದಲ್ಲಿ ಸೋತು ಓಡಿದನು. ಕನ್ನಡ ನಾಡಿನ ಎರಡು ಅರಸುಮನೆತನಗಳು ಹೀಗೆ ಒಂದನ್ನೊಂದು ಸವೆಸುತ್ತಿದ್ದಾಗಲೇ ಉತ್ತರದಲ್ಲಿ ಬೇರೊಂದು ಶಕ್ತಿ ಬೆಳೆಯುತ್ತಿತ್ತು. 1311ರ ಫೆಬ್ರವರಿ ಕೊನೆಯಲ್ಲಿ ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರ್ ದೇವಗಿರಿಯಿಂದ ವೇಗವಾಗಿ ಸಾಗಿ ದೋರಸಮುದ್ರದ ಮುಂದೆ ನಿಂತಾಗ ಮೂರನೆಯ ಬಲ್ಲಾಳ ಪಾಂಡ್ಯರ ದಾಯಾದಿ ಕಲಹದ ಲಾಭ ಪಡೆಯಲೆಂದು ದಕ್ಷಿಣಕ್ಕೆ ಹೋಗಿದ್ದನು. ಹಿಂದಿರುಗಿ ಬಂದವನಿಗೆ ಸಂಧಿಯ ಹೊರತು ಬೇರೆ ದಾರಿಯಿರಲಿಲ್ಲ. ಆನೆ, ಕುದುರೆ, ಧನವನ್ನು ಒಪ್ಪಿಸಿ, ಮಗ ವಿರೂಪಾಕ್ಷನನ್ನು ದೆಹಲಿಗೆ ಕಳುಹಿಸಬೇಕಾಯಿತು. ಕುಮಾರ 1313ರಲ್ಲಿ ಕ್ಷೇಮವಾಗಿ ಮರಳಿದನು. ದೆಹಲಿಯ ಕಡೆಯ ವಿವರಗಳು ಅಮೀರ್ ಖುಸ್ರೋನ ಬರಹದಿಂದ ತಿಳಿಯುತ್ತವೆ.

ಊರು ಹಾಳಾದದ್ದು ಈ ಒಂದು ದಾಳಿಯಿಂದಲೇ ಎಂದು ಸಾಮಾನ್ಯವಾಗಿ ಹೇಳುವುದು ಸಂಗತಿಗಳಿಗೆ ಒಪ್ಪುವುದಿಲ್ಲ. 1311ರ ನಂತರವೂ ಬಲ್ಲಾಳ ಇಲ್ಲಿಂದಲೇ ಆಳಿದನು. 1327ರ ಸುಮಾರಿಗೆ ತುಘಲಕ್ ಸೈನ್ಯ ಮತ್ತೆ ಬಂದ ಮೇಲೆ ಅವನು ತಿರುವಣ್ಣಾಮಲೈಯನ್ನು ನೆಲೆಯಾಗಿಸಿಕೊಂಡು, ಹೊಸಬೀಡು, ವಿರೂಪಾಕ್ಷಪುರ ಮೊದಲಾದ ಕಡೆಗಳಿಂದ ಹೋರಾಟ ಮುಂದುವರಿಸಿ, ಇಳಿವಯಸ್ಸಿನಲ್ಲಿ, 1342-43ರ ವೇಳೆಗೆ ಮದುರೆಯ ಸುಲ್ತಾನನ ಕೈಯಲ್ಲಿ ಹತನಾದನು. ಲೂಟಿಗಿಂತ ಆಳವಾಗಿ ಊರನ್ನು ತಟ್ಟಿದ್ದು ಆಸ್ಥಾನದ ಈ ನಿರ್ಗಮನ: ದಂಡನಾಯಕರು, ಕರಣಿಕರು, ವರ್ತಕರು, ಅವರನ್ನು ನಂಬಿದ ಶಿಲ್ಪಿಗಳು ಒಬ್ಬೊಬ್ಬರಾಗಿ ಬೇರೆಡೆಗೆ ನಡೆದಾಗ ಉಳಿದವರು ಅಚ್ಚುಕಟ್ಟಿನ ರೈತರು. ಬೀಡು, ಎಂದರೆ ಅರಸನ ನೆಲೆ, ಹೊಸ ಜಾಗಕ್ಕೆ ಹೋದಾಗ ಇದು ಹಳೆಯ ಬೀಡಾಯಿತು.

ವಿಜಯನಗರದ ಕಾಲದಲ್ಲೂ ಅನಂತರ ಬೇಲೂರಿನ ನಾಯಕರ ಕಾಲದಲ್ಲೂ ಇದು ಸಾಧಾರಣ ಊರು. ಆದರೂ 1638ರ ಒಂದು ಶಾಸನ ಈ ಅವಧಿಯನ್ನು ಬೆಳಗಿಸುತ್ತದೆ. ಹುಚ್ಚಪ್ಪದೇವ ಎಂಬವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ್ದರಿಂದಲೂ, ವಿಜಯಪ್ಪ ಎಂಬ ಜೈನನು ಅದನ್ನು ಅಳಿಸಿದ್ದರಿಂದಲೂ ಎರಡು ಸಮುದಾಯಗಳ ನಡುವೆ ವ್ಯಾಜ್ಯ ಹುಟ್ಟಿತು. ವೆಂಕಟಾದ್ರಿ ನಾಯಕನ ಆಳ್ವಿಕೆಯಲ್ಲಿ ಹಿರಿಯರು ಸೇರಿ, ವಿಭೂತಿ ವೀಳ್ಯಗಳನ್ನು ಸಲ್ಲಿಸಿದ ಬಳಿಕ ಜೈನರು ತಮ್ಮ ಪೂಜೆ ಉತ್ಸವಗಳನ್ನು ಎಂದಿನಂತೆ ನಡೆಸಬಹುದೆಂದು ತೀರ್ಮಾನಿಸಿದರು. ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ, ಜೈನಧರ್ಮಕ್ಕೆ ಅಡ್ಡಿಮಾಡುವವನು ಶಿವದ್ರೋಹಿ ಎಂಬ ಕಟ್ಟಳೆಯನ್ನು ವೀರಶೈವ ಮುಖಂಡರೇ ತಮ್ಮವರ ಮೇಲೆ ಹಾಕಿಕೊಂಡದ್ದು. ಒಪ್ಪಂದದಲ್ಲಿ ಎರಡೂ ಕಡೆಯ ಬಲ ಸಮನಾಗಿರಲಿಲ್ಲ. ಆದರೂ ಅದು ನಿಂತಿತು, ಬಸದಿ ಇಂದಿಗೂ ನಿಂತಿದೆ.

ಶಿಲ್ಪಗಳಿಗೆ ಮುಂದೆ ಕಾಡಿದ ಶತ್ರು ನಿರ್ಲಕ್ಷ್ಯ. 19ನೆಯ ಶತಮಾನದ ನಡುವಿನಲ್ಲಿ ವೈದ್ಯ ಪಿಗೌ ಇಲ್ಲಿ ಛಾಯಾಚಿತ್ರಗಳನ್ನು ತೆಗೆದನು. ವಾಸ್ತುಶಾಸ್ತ್ರದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಹೊಯ್ಸಳೇಶ್ವರವನ್ನು ಗ್ರೀಸಿನ ಪಾರ್ಥೆನಾನ್‌ಗೆ ಹೋಲಿಸಿ ಚರ್ಚಿಸಿದನು. ಅವನು ಅತ್ಯಂತ ಮೆಚ್ಚಿಕೊಂಡಿದ್ದ ಕೇದಾರೇಶ್ವರದ ಗೋಪುರದಲ್ಲಿ ಮರವೊಂದು ಬೇರುಬಿಟ್ಟು ಕಲ್ಲುಗಳನ್ನು ಸೀಳುತ್ತಿದ್ದುದನ್ನು ಎಲ್ಲರೂ ಕಂಡಿದ್ದರೂ ಕೀಳುವವರಿಲ್ಲದೆ ಆ ಶತಮಾನದಲ್ಲೇ ಗೋಪುರ ಕುಸಿಯಿತು. ಯಾವ ಸೈನ್ಯವೂ ಮಾಡದ ನಷ್ಟ ಅದು. ಬಿ. ಎಲ್. ರೈಸ್ 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ಮೇಲೆ ಊರಿನ ಕಥೆ ದಾಖಲೆಯ ಆಧಾರದ ಮೇಲೆ ನಿಂತಿತು. 2023ರ ಸೆಪ್ಟೆಂಬರ್‌ನಲ್ಲಿ ರಿಯಾದ್ ನಗರದಲ್ಲಿ ನಡೆದ ಸಭೆಯಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಗೆ ಹಳೇಬೀಡಿನ ದೇವಾಲಯವೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಗುಡಿಗೆ ಬಂದ ಈ ಮನ್ನಣೆ ಕೆರೆಗೆ ಬಂದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆ ಬತ್ತುವುದನ್ನೂ ಕೊಳವೆಬಾವಿಗಳು ಸೋಲುವುದನ್ನೂ ಕಂಡ ರೈತರು, ಯಗಚಿಯ ನೀರನ್ನು ರಣಘಟ್ಟದಿಂದ ಮತ್ತೆ ತಮ್ಮ ಕೆರೆಗಳಿಗೆ ಹರಿಸಬೇಕೆಂದು ವರ್ಷಗಟ್ಟಲೆ ಹೋರಾಡಿ ಸರ್ಕಾರ ಯೋಜನೆಯನ್ನು ಕೈಗೆತ್ತಿಕೊಳ್ಳುವಂತೆ ಮಾಡಿದ್ದಾರೆ. ಅವರ ಬೇಡಿಕೆ ಹೊಸದೇನೂ ಅಲ್ಲ, ಈ ನೆಲವನ್ನು ರಾಜಧಾನಿಯಾಗಿಸಿದ ಹಳೆಯ ಯೋಚನೆಯೇ ಅದು. ದೇವಾಲಯದ ಒಂದು ಕಲ್ಲನ್ನು ಅಲುಗಿಸಿದರೂ ಕಾನೂನು ಅಡ್ಡ ಬರುತ್ತದೆ. ದೋರಸಮುದ್ರದ ಏರಿ, ತೂಬು, ಕೋಡಿ ಮತ್ತು ಅದಕ್ಕೆ ನೀರು ತರುವ ಕಾಲುವೆಗಳಿಗೂ ಅದೇ ರಕ್ಷಣೆ ದೊರೆಯಬೇಕು, ಹೊಯ್ಸಳೇಶ್ವರವನ್ನು ಕಾಯುವ ಇಲಾಖೆಯೂ ಕೆರೆಯನ್ನು ಕಾಯಬೇಕಾದ ಇಲಾಖೆಯೂ ಒಂದೇ ನಕ್ಷೆಯನ್ನು ಮುಂದಿಟ್ಟುಕೊಂಡು ಕೆಲಸ ಮಾಡಬೇಕು.